ಖಡು ಹಚ್ಚದ ಅರ

ಮೂರು ವರ್ಷ ಈ ಓಣಿಯ ಕಡೆ ತಲೆ ಹಾಕಿಯೂ ಮಲಗದ ಚಮನಸಾಬ, ಒಂದು ಶುಕ್ರವಾರ ನಮಾಜು ಮುಗಿದ ಮೇಲೆ ಪೇಢೆಯ ಪೊಟ್ಟಣ ಹಿಡಿದು ಬಾಗಿಲಿಗೆ ಬಂದು ನಿಂತ. ಇದರೊಳಗೆ ಏನೋ ಐತಿ ಎಂದು ಶಾಹೀನಳಿಗೆ ಅನ್ನಿಸಿದ್ದು ಆಗಲೇ. ತಾಯಿ ಇಲ್ಲದ ಆಕೆಯನ್ನು ಬೆಳೆಸಿದ ಅಜ್ಜಿ, ದಾದಿಮಾ ಜೈತೂನಬಿ, ಹೇಳುತ್ತಿದ್ದ ಕಥೆಗಳಲ್ಲಿ, ಅರಮನೆಗೆ ಕನ್ನ ಹಾಕುವವನು ಯಾವಾಗಲೂ ಸಿಹಿ ಹಿಡಿದುಕೊಂಡೇ ಬರುತ್ತಿದ್ದ.

ಚಮನಸಾಬ ಒಂದು ಕಾಲಕ್ಕೆ ಆಕೆಯ ಅಬ್ಬಾ ಮೌಲಾಸಾಬನ ಕೈಕೆಳಗೆ ಕೀಲಿಕೈ ಮಾಡುವುದನ್ನು ಕಲಿತವನು. ಈಗ ಹಾವೇರಿಯಲ್ಲಿ ಸ್ವಂತ ಅಂಗಡಿ, ಸೊಂಟದಲ್ಲಿ ಮೊಬೈಲಿನ ಚೀಲ.

"ಉಸ್ತಾದ್, ನಿಮ್ಮ ಕೀಲಿಕೈ ತಿಕ್ಕೋ ಅರಗಳು ಎಲ್ಲೆದಾವ್ರಿ?" ಎಂದ, ನೀರು ಕುಡಿದು ಲೋಟ ಕೆಳಗಿಡುವ ಮೊದಲೇ.

"ಅಟ್ಟದ ಮ್ಯಾಲ. ತುಕ್ಕು ಹಿಡದು ಮಣ್ಣಾಗ್ಯಾವು, ಬಿಡು."

"ನನ್ನ ಕೈಯಾಗ ಕೊಡ್ರಿ. ಹಾವೇರಿಗೆ ಒಯ್ದು ಆ್ಯಸಿಡಿಗೆ ಹಾಕಿ, ಹೊಸಾವು ಮಾಡಿಕೊಂಡು ಬರ್ತೇನಿ. ನನ್ನ ಅಂಗಡ್ಯಾಗ ನಿಮಗ ಜಾಗಾ ಮಾಡೇನಿ. ಈ ಸ್ಟೋ ರಿಪೇರಿ ಸಾಕು, ಬಂದು ಕುಂದರ್ರಿ."

ಮೌಲಾಸಾಬ ಅಟ್ಟದ ಕಡೆ ನೋಡಿದ. ಮಗಳು ಮಾತಾಡಿದಳು.

"ಒಯ್ಯೂದ್ಯಾಕ, ಚಮನಭಾಯ್? ಇಲ್ಲೇ ತಿಕ್ಕರಿ. ನಾನೂ ನೋಡ್ತೇನಿ."

ಆಕೆ ನೋಡಬೇಕಿದ್ದದ್ದು ಅರಗಳನ್ನಲ್ಲ, ಅವನನ್ನು.

ಮೂರು ವರ್ಷದ ಹಿಂದೆ ಮೌಲಾಸಾಬ ದಿನಾ ರಾಣೇಬೆನ್ನೂರಿನಿಂದ ಬ್ಯಾಡಗಿಗೆ ಹೋಗಿ, ಮೆಣಸಿನಕಾಯಿ ಪ್ಯಾಟಿಯ ಬಾಯಲ್ಲಿ ಕೊಡೆ ನೆಟ್ಟುಕೊಂಡು ಕೂಡುತ್ತಿದ್ದ. ಕೀಲಿಕೈ ತಿಕ್ಕುವ ಮೊದಲು ಅರದ ಹಲ್ಲಿಗೆ ಖಡು ಸವರುವುದು ಅವನ ರೂಢಿ. ಶಾಲೆಯಲ್ಲಿ ಮಾಸ್ತರರು ಹಲಗೆಯ ಮೇಲೆ ಬರೆಯುತ್ತಾರಲ್ಲ, ಅದೇ ಬಿಳಿ ಖಡು. ಹಿತ್ತಾಳೆಯ ಪುಡಿ ಹಲ್ಲಿನ ಸಂದಿಗೆ ಕಚ್ಚಿಕೊಳ್ಳಬಾರದು ಅಂತ. ಅವನ ಬೆರಳು ಬೆಳ್ಳಗಿದ್ದರೆ ಇವತ್ತು ಕೆಲಸ ಸಿಕ್ಕಿದೆ ಅಂತ ಇಡೀ ಪ್ಯಾಟಿಗೆ ಗೊತ್ತಾಗುತ್ತಿತ್ತು. ಇನ್ನೊಂದು ರೂಢಿ ಅದಕ್ಕಿಂತ ಗಟ್ಟಿ: ಕೀಲಿಯಾದರೂ, ಅಂದರೆ ಬೀಗವಾದರೂ, ಎದುರಿಗೆ ಬರಬೇಕು, ಇಲ್ಲ ಅದರ ಕೀಲಿಕೈಯಾದರೂ ಬರಬೇಕು. ಸಾಬೂನಿನ ತುಂಡಿನ ಮೇಲೆ ಕೀಲಿಕೈಯ ಅಚ್ಚೊತ್ತಿಕೊಂಡು ಬಂದವರನ್ನು ಅವನು ಹಂಗೇ ತಿರುಗಿಸಿ ಕಳಿಸುತ್ತಿದ್ದ.

ಹಾಗಿದ್ದವನ ಮೇಲೆ ಸಂಶಯ ಬಂತು. ರುದ್ರಮುನಿ ಸಾಹುಕಾರನ ಗೋದಾಮಿನ ಕೀಲಿ ಮುರಿಯದೆ, ಬಾಗಿಲು ಒಡೆಯದೆ, ಮೆಣಸಿನಕಾಯಿ ಚೀಲಗಳು ಮಾಯವಾದವು. ಕಾವಲಿಗಿದ್ದ ಕರಬಸಪ್ಪನನ್ನು ಕೆಲಸದಿಂದ ತೆಗೆದರು. ಮೌಲಾಸಾಬನಿಗೆ ಯಾರೂ ಏನೂ ಅನ್ನಲಿಲ್ಲ. ಕೀಲಿ ತರುವುದನ್ನು ಬಿಟ್ಟರು, ಅಷ್ಟೆ. ಅವನು ಕೊಡೆ ಮಡಚಿಕೊಂಡು ಮನೆಗೆ ಬಂದು ಸ್ಟೋ ರಿಪೇರಿಗೆ ಕೂತ. ಅಂದಿನಿಂದ ನಲ್ಲಿಯ ಹತ್ತಿರ, ಹಿಟ್ಟಿನ ಗಿರಣಿಯ ಹತ್ತಿರ, ಯಾರಾದರೂ ದನಿ ತಗ್ಗಿಸಿದರೆ ಸಾಕು, ಶಾಹೀನ್ ಕೊಡ ಕೆಳಗಿಟ್ಟು ಜಗಳಕ್ಕೆ ನಿಲ್ಲುತ್ತಿದ್ದಳು. ನಮ್ಮ ಅಬ್ಬಾ ಅಂಥವನಲ್ಲ ಎಂಬ ಒಂದೇ ಮಾತಿನ ಮೇಲೆ ಆಕೆಯ ಮೂರು ವರ್ಷ ನಿಂತಿದ್ದವು.

ಆಗ ವಾರಕ್ಕೊಮ್ಮೆ ಬ್ಯಾಡಗಿಗೆ ಬಂದು ಉಸ್ತಾದನ ಅರಗಳನ್ನು ಎರವಲು ಒಯ್ಯುತ್ತಿದ್ದವನು ಯಾರು? ಈ ಚಮನಸಾಬನೇ.

ಅಟ್ಟದಿಂದ ಗೋಣಿಚೀಲ ಇಳಿಯಿತು. ಬಿಚ್ಚಿದರೆ ಕೆಂಪು ಪುಡಿ ಉದುರಿತು. ಚಪ್ಪಟೆ ಅರ, ಮುಕ್ಕೋಣಿನ ಅರ, ಇಲಿಬಾಲದಂಥ ದುಂಡನೆಯ ಅರ, ಎಲ್ಲವೂ ಹೊಲದಲ್ಲಿ ಸಿಕ್ಕ ಹಳೇ ಎಲುಬಿನ ಹಾಗೆ. ಚಮನಸಾಬ ಅಂಗಳದಲ್ಲಿ ಕೂತು ಬಿಸಿ ಸೋಡಾ ನೀರಿನಲ್ಲಿ ಜಿಡ್ಡು ತೊಳೆದ. ತಂತಿಯ ಬ್ರಶ್ಶಿನಿಂದ ಹಲ್ಲಿನ ಸಾಲು ಹಿಡಿದೇ ಉಜ್ಜಿದ; ಅಡ್ಡ ಉಜ್ಜಿದರೆ ಹಲ್ಲು ಹೋಗುತ್ತದೆ. ಉಜ್ಜುತ್ತ ಉಜ್ಜುತ್ತ ಅವನ ಕಣ್ಣು ಮತ್ತೆ ಮತ್ತೆ ರಾಶಿಯೊಳಗಿನ ಎಲ್ಲಕ್ಕೂ ಸಣ್ಣ ಮುಕ್ಕೋಣಿನ ಅರದ ಕಡೆಗೇ ಹೋಗುತ್ತಿತ್ತು. ಶಾಹೀನ್ ಅದನ್ನು ನೋಡಿದಳು.

"ಇನ್ನ ಆ್ಯಸಿಡ್ ಬೇಕು, ತಂಗಿ. ಅದು ಹಾವೇರಿಯೊಳಗ ಐತಿ."

"ಹುಣಸೆಹಣ್ಣು ಮನ್ಯಾಗ ಐತಿ. ತುಕ್ಕಿಗೆ ಅಷ್ಟ ಸಾಕು, ಆ್ಯಸಿಡ್ ಯಾಕ?"

ಅವನು ಉಸ್ತಾದನ ಮುಖ ನೋಡಿದ. ಉಸ್ತಾದ್ ನೆಲ ನೋಡುತ್ತಿದ್ದ. ಹುಣಸೆಯ ಗಟ್ಟಿ ರಸದಲ್ಲಿ ಅರಗಳು ಮುಳುಗಿದವು. ನಾಳೆ ಬರುತ್ತೇನೆಂದು ಚಮನಸಾಬ ಕುಪ್ಪೇಲೂರಿನ ತನ್ನ ಅತ್ತೆಯ ಮನೆಗೆ ಹೋದ. ಶಾಹೀನ್ ಆ ರಸದ ಬೋಗುಣಿಯ ಬಾಯಿಗೆ ಹಳೇ ದುಪಟ್ಟಾ ಬಿಗಿದು, ದಾದಿಮಾ ಉಪ್ಪಿನಕಾಯಿ ಭರಣಿಗೆ ಹಾಕುತ್ತಿದ್ದ ಗಂಟನ್ನೇ ಹಾಕಿದಳು. ಅದು ಮನೆಯವರಿಗಲ್ಲದೆ ಬಿಚ್ಚಲು ಬಾರದು.

ಮರುದಿನ ಆಕೆ ಹಾಲು ತೆಗೆದುಕೊಂಡು ಬರುವಷ್ಟರಲ್ಲಿ ಚಮನಸಾಬ ಅಂಗಳದಲ್ಲಿದ್ದ. ಗಂಟು ಬಿಚ್ಚಲು ಬಾರದೆ ದುಪಟ್ಟಾದ ಅಂಚನ್ನೇ ಹರಿದಿದ್ದ. ಒದ್ದೆ ಕೈ ಅಂಗಿಯ ಕಿಸೆಯಲ್ಲಿತ್ತು.

"ಕೈ ಹೊರಗ ತಗೀರಿ."

"ತಂಗಿ, ನೀ ಒಳಗ ಹೋಗಿ ಚಹಾ ಇಡು."

"ಚಹಾ ಎಲ್ಲೂ ಓಡಿ ಹೋಗಂಗಿಲ್ಲ. ಕೈ ತಗೀರಿ ಮೊದಲ."

ಬಂದದ್ದು ಆ ಸಣ್ಣ ಅರವೇ. ಆಕೆ ಕಸಿದುಕೊಂಡು ಬಿಸಿಲಿಗೆ ಹಿಡಿದಳು. ತುಕ್ಕು ಹೋಗಿ ಕಬ್ಬಿಣ ಕಪ್ಪಗಾಗಿತ್ತು. ಆ ಕಪ್ಪಿನ ಹಲ್ಲುಗಳ ನಡುವೆ, ಸಾಲಾಗಿ, ಹೊಸ ಬಿಂದಿಗೆಯ ಹಾಗೆ ಹಳದಿ ಹೊಳೆಯುತ್ತಿತ್ತು. ಹುಣಸೆಹಣ್ಣು ತನ್ನ ಕೆಲಸ ತಾನು ಮಾಡಿತ್ತು. ತುಕ್ಕು ತಿಂದು, ಹಿತ್ತಾಳೆಯನ್ನು ಬೆಳಗಿ ಇಟ್ಟಿತ್ತು. ಉಳಿದ ಯಾವ ಅರದಲ್ಲೂ ಹಳದಿಯ ಸುಳಿವಿರಲಿಲ್ಲ.

"ಇದು ಖಡು ಹಚ್ಚದೇ ತಿಕ್ಕಿದ ಅರ," ಎಂದಳು. ದನಿ ಏರಲಿಲ್ಲ. "ನಮ್ಮ ಅಬ್ಬಾ ಹಿಂಗ ತಿಕ್ಕಂಗಿಲ್ಲ. ಕದ್ದು ತಿಕ್ಕಿದಾಂವ ನೀ. ಅದನ್ನ ಆ್ಯಸಿಡ್‌ನಾಗ ತೊಳಿಯಾಕ ಪೇಢೆ ಹಿಡಕೊಂಡು ಬಂದೀದಿ."

ಚಮನಸಾಬ ಒದ್ದೆ ಕೈ ಮುಂದೆ ಚಾಚಿದ. "ಹೌದಂತ ತಿಳಕೋ," ಎಂದ. "ಹಂಗ ತಿಳಕೊಂಡು ಆ ಅರ ನನಗ ಕೊಡು."

ಆಗ ಆಕೆಗೆ ಮೊದಲ ಬಾರಿಗೆ ಹೆದರಿಕೆಯಾಯಿತು. ಕಳ್ಳ ಯಾರಾದರೂ ಇಷ್ಟು ಲಗೂ ಒಪ್ಪುತ್ತಾನೆಯೇ? ತಿರುಗಿ ನೋಡಿದರೆ ಅಬ್ಬಾ ಹೊಸ್ತಿಲ ಮೇಲೆ ನಿಂತಿದ್ದ.

"ಖಡು ಹಚ್ಚಿದ್ದರ ಬೆರಳು ಬೆಳ್ಳಗಾಗ್ತಿತ್ತು," ಎಂದ ಮೌಲಾಸಾಬ. "ಏನೋ ತಿಕ್ಕ್ಯಾನ ಅಂತ ಪ್ಯಾಟಿಗೆಲ್ಲಾ ತಿಳೀತಿತ್ತು. ಅದಕ್ಕ ಹಚ್ಚಲಿಲ್ಲ."

ಹಾಲಿನ ಪಾತ್ರೆ ಇನ್ನೂ ಆಕೆಯ ಕೈಯಲ್ಲೇ ಇತ್ತು.

"ಸಾಹುಕಾರನ ಪಾಲುದಾರ ಸಾಬೂನು ತಂದಿದ್ದ. ಹಾವೇರಿಯೊಳಗ ಯಾರಿಗೂ ಆಗಲಿಲ್ಲಂತ, ಬರೇ ಅಚ್ಚು ನೋಡಿ ತಿಕ್ಕೋ ಕೈ ಈ ಕಡೆ ಹುಟ್ಟೇ ಇಲ್ಲಂತ ಅಂದ. ಅಷ್ಟ ಸಾಕಾತು ನನಗ. ಒಂದ ಸಲಕ್ಕ ಕೂತೈತಿ ಆ ಕೀಲಿಕೈ, ಶಾಹೀನ್. ಒಂದ ಸಲಕ್ಕ." ಕಡೆಯ ಮಾತಿನಲ್ಲಿ ಇನ್ನೂ ಒಂದು ಹೆಮ್ಮೆ ಉಳಿದಿತ್ತು. ಅದೇ ಆಕೆಯನ್ನು ಹೆಚ್ಚು ಚುಚ್ಚಿತು.

"ಆಂವ ಮೊದಲ ನನ್ನ ಕಡೆ ಬಂದಿದ್ದ," ಎಂದ ಚಮನಸಾಬ, ಆಕೆಯ ಮುಖ ನೋಡದೆ. "ನಮ್ಮ ಉಸ್ತಾದ್ ಸಾಬೂನು ಮುಟ್ಟಬ್ಯಾಡ ಅಂದಾರ ಅಂತ ಕಳಿಸಿಬಿಟ್ಟೆ. ಗೋದಾಮಿನ ಸುದ್ದಿ ಬಂದ ದಿನಾನ ನನಗ ತಿಳೀತು. ಆಮ್ಯಾಲ ಈ ಕಡೆ ಕಾಲ ಬರಲಿಲ್ಲ. ಅಂಥ ಕೀಲಿಕೈಗೆ ಈ ಸಣ್ಣ ಅರಾನ ಬೇಕು; ಇದು ಯಾರ ಕಣ್ಣಿಗೂ ಬೀಳಬಾರದಂತ ಈಗ ಒಯ್ಯಾಕ ಬಂದೆ."

ದಾದಿಮಾಳ ಕಥೆಗಳಲ್ಲಿ ಕಳ್ಳ ಸಿಕ್ಕ ಕೂಡಲೇ ರಾಜ ಡಂಗುರ ಹೊಡೆಸುತ್ತಿದ್ದ, ಕಥೆ ಮುಗಿಯಿತೆಂದು ದಾದಿಮಾ ಎಲೆಅಡಿಕೆಗೆ ಕೈ ಹಾಕುತ್ತಿದ್ದಳು. ಕಳ್ಳನ ಮಗಳು ಆಮೇಲೆ ಏನು ಮಾಡಿದಳು ಅಂತ ಆಕೆ ಒಮ್ಮೆಯೂ ಹೇಳಿರಲಿಲ್ಲ.

ಶಾಹೀನ್ ಉಳಿದ ಅರಗಳನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಎಣ್ಣೆ ಸವರಿ ಚೀಲಕ್ಕೆ ಹಾಕಿದಳು. ಸಣ್ಣದನ್ನು ಹಳದಿ ಸಮೇತ ಬೇರೆ ಕಾಗದದಲ್ಲಿ ಸುತ್ತಿ ಅಬ್ಬಾನ ಕೈಗೆ ಕೊಟ್ಟಳು.

"ಕರಬಸಪ್ಪನ ಕೆಲಸಾ ಹೋಗಿ ಮೂರು ವರ್ಷ ಆತು, ಅಬ್ಬಾ. ಸಾಹುಕಾರನ ಮುಂದ ಇದನ್ನ ಇಟ್ಟು ನೀನ ಹೇಳು."

"ಹೇಳ್ತೇನಿ," ಎಂದ ಅವನು.

ಮೂವರೂ ಬಸ್ ಸ್ಟ್ಯಾಂಡಿಗೆ ಬಂದರು. ಹಾವೇರಿ ಬಸ್ಸು ಮೊದಲು ಬಂತು. ಚಮನಸಾಬ ಹತ್ತಿ, ಬಾಗಿಲಲ್ಲೇ ನಿಂತು, "ಜಾಗಾ ಐತ್ರಿ ಉಸ್ತಾದ್," ಎಂದ. ಸೀಟಿನ ಮಾತೋ, ಅಂಗಡಿಯ ಮಾತೋ, ಎರಡೂ ಖರೆ. ಮೌಲಾಸಾಬ ಒಂದು ಹೆಜ್ಜೆ ಮುಂದಿಟ್ಟ. ಮೂರು ವರ್ಷ ಇಡೀ ಊರನ್ನು ಸಂಶಯದಿಂದ ನೋಡಿದ ಶಾಹೀನ್ ಈಗ ತನ್ನ ಅಬ್ಬಾನ ಚಪ್ಪಲಿಯನ್ನೇ ನೋಡುತ್ತ ನಿಂತಳು.

ಕಂಡಕ್ಟರು ಸೀಟಿ ಊದಿದ. ಬಸ್ಸು ಹೊರಟು ಹೋಯಿತು. ಚಪ್ಪಲಿ ಅಲ್ಲೇ ಇತ್ತು.

"ಬ್ಯಾಡಗಿ ಬಸ್ಸು ಯಾವ ಕಡೆ ನಿಲ್ತೈತಿ ಈಗ?" ಎಂದು ಕೇಳಿದ ಮೌಲಾಸಾಬ. "ಮೂರು ವರ್ಷ ಆತು, ಮರೆತೇನಿ."

ಅವನು ಮರೆತಿಲ್ಲ ಎಂದು ಆಕೆಗೆ ಗೊತ್ತಿತ್ತು. ಆದರೂ ಕೈ ಹಿಡಿದು ತೋರಿಸಿದಳು.