ಟಕ್ ಟಕ್ ನಿಂತಾಗ

ಗಂಡ ತೀರಿಕೊಂಡ ಮೇಲೆ ಮನೆಯಲ್ಲೇ ಇರಬೇಕಾದ ಇದ್ದತ್‌ನ ದಿನಗಳು ಮುಗಿದ ಮರುದಿನವೇ ಕುಬರಾ ಮಗಳನ್ನು ಹೊರಡಿಸಿಕೊಂಡು ಬೀದರದ ಕಿವಿ ತಪಾಸಣೆಯ ಕೋಣೆಗೆ ಬಂದಿದ್ದಳು. ಭಾಲ್ಕಿಯ ಗಂಡನ ಮನೆಯಿಂದ ಬಂದು ತಾಯಿಯ ಜೊತೆಗಿದ್ದ ತರನ್ನುಮಳಿಗೆ ಒಂದೇ ಆಶ್ಚರ್ಯ. ಪಕ್ಕದ ಮನೆಯ ಕುಕ್ಕರಿನ ಸೀಟಿಗೂ ಬೈಯುವ ಅಮ್ಮಿಗೆ ಕಿವುಡೆಲ್ಲಿಂದ ಬಂತು?

ಕುಬರಾಳಿಗೆ ಬೇಕಿದ್ದದ್ದೇ ಅದು. ನಿಮಗೆ ಕಿವಿ ಕೇಳುವುದಿಲ್ಲ ಎಂದು ಓದಿದವರು ಯಾರಾದರೂ ಒಂದು ಮಾತು ಹೇಳಿದರೆ ಸಾಕಿತ್ತು.

ಗಂಡ ಜುಲ್ಫೀಕಾರ ಬಿದರಿ ಕೆಲಸದವನು. ಮೂವತ್ತು ವರ್ಷ ಒಳಕೋಣೆಯಿಂದ ಅವನ ಉಳಿಯ ಟಕ್ ಟಕ್. ಅದು ನಿಂತರೆ ಅಡುಗೆಮನೆಯಲ್ಲಿ ಅವಳ ಕೈ ತಾನಾಗಿಯೇ ಚಹಾಕ್ಕೆ ಗ್ಯಾಸ್ ಹಚ್ಚುತ್ತಿತ್ತು. ಆದರೆ ಕರೆಯುವ ತನಕ ಒಳಗೆ ಹೋಗುವಂತಿಲ್ಲ. ಬೆಳ್ಳಿಯ ತಂತಿ ಕೂರಿಸುವಾಗ ಯಾರಾದರೂ ಒಮ್ಮೆಲೇ ಬಂದರೆ ಕೈ ಜಾರುತ್ತದೆಂದು ಅವನ ಕಟ್ಟಪ್ಪಣೆ. ಔರಾದದ ಮದುವೆಯೊಂದಕ್ಕೆ ಹೂದಾನಿ ಕೊರೆಯುತ್ತಿದ್ದ ದಿನವೂ ಟಕ್ ಟಕ್ ನಿಂತಿತು. ಅವಳು ಚಹಾ ಇಟ್ಟಳು, ಸೋಸಿದಳು, ಕರೆಗೆ ಕಾದಳು. ಆರಿತೆಂದು ಮತ್ತೆ ಬಿಸಿ ಮಾಡಿದಳು. ಕೊನೆಗೆ ಕರೆಯದಿದ್ದರೂ ಒಳಗೆ ಹೋದಾಗ ಅವನು ಹೂದಾನಿಯ ಪಕ್ಕ ಕುಸಿದು ಬಿದ್ದಿದ್ದ. "ಅರ್ಧ ತಾಸು ಮೊದಲ ತಂದಿದ್ದರ..." ಎಂದು ಡಾಕ್ಟರು ಮಾತನ್ನು ಅಲ್ಲಿಗೇ ಬಿಟ್ಟಿದ್ದರು.

"ಸದ್ದು ಕೇಳಿದ್ರ ಬಟ್ಟು ಎತ್ರಿ, ಚಾಚಿ," ಎಂದಳು ತಪಾಸಣೆ ಮಾಡುವ ಶಶಿಕಲಾ.

ಎಲ್ಲ ಕೇಳುತ್ತಿತ್ತು. ಕುಬರಾ ಬೆರಳು ಎತ್ತಲಿಲ್ಲ.

"ನನಗ ಮಸ್ಕಿರಿ ಮಾಡ್ತೀರೇನ್ರಿ? ಬಾಗಲದಾಗ ಮೆಲ್ಲಕ ಕರದ್ರ ಹೊಳ್ಳಿ ನೋಡಿದ್ರಿ." ಶಶಿಕಲಾ ನಗುತ್ತ ಅವಳ ತಲೆಗೆ ವೈರುಗಳನ್ನು ಅಂಟಿಸಿದಳು. "ಈಗ ಸುಮ್ಮನ ಕೂಡ್ರಿ. ನಿಮ್ಮ ಮಿದುಳೇ ಹೇಳ್ತದ."

ಸ್ವಲ್ಪ ಹೊತ್ತಿಗೆ ಪರದೆಯನ್ನು ಇವರ ಕಡೆ ತಿರುಗಿಸಿದಳು. "ನೋಡ್ರಿ, ಸದ್ದು ಚಾಲೂ ಆದ ಕೂಡ್ಲೆ ಇಲ್ಲೊಂದು ಏರು. ಬಂದ್ ಆದ ಕೂಡ್ಲೆ ಇಲ್ಲಿ ಇನ್ನೊಂದು."

"ಬಂದ್ ಆದದ್ದೂ ಗೊತ್ತಾಗ್ತದೇನ್ರಿ?" ಎಂದು ಕೇಳಿದಳು ಕುಬರಾ.

"ಆಗ್ತದ್ರಿ. ಒಂದೇ ಸವನ ಬರೂ ಸದ್ದಿಗೆ ಮಿದುಳು ಅಷ್ಟು ಲಕ್ಷ್ಯ ಕೊಡೂದಿಲ್ಲ. ನಿಂತ್ರ ಮಾತ್ರ ಎಚ್ಚರಾಗ್ತದ. ನಿಮ್ಮದು ಭಾಳ ಛಲೋ ಅದ."

"ಖರಾಬ ಅದ ಅಂತ ಬರದು ಕೊಡ್ರಿ, ಮೇಡಂ."

ಶಶಿಕಲಾಳ ನಗು ನಿಂತಿತು. ತರನ್ನುಮಳಿಗೆ ಆಗ ಎಲ್ಲ ತಿಳಿಯಿತು. ತಾಯಿಯ ಕೈ ಹಿಡಿದುಕೊಂಡಳು.

"ನನಗ ಕೇಳಿತ್ತು, ಬೇಟಾ," ಎಂದಳು ಕುಬರಾ. "ನಿಂತದ್ದು ಕೇಳಿತ್ತು. ನಾ ಚಾ ಮಾಡ್ಕೋತ ಕುಂತೆ."

ಅಷ್ಟರಲ್ಲಿ ಕರೆಂಟು ಹೋಗಿ, ಹೊರಗಿನ ಕೂಲರ್ ಒಮ್ಮೆಲೇ ನಿಂತಿತು. ಕುಬರಾಳ ಬಲಗೈ ಮಗಳ ಹಿಡಿತದಿಂದ ಬಿಡಿಸಿಕೊಂಡು ಮುಂದೆ ಚಾಚಿ, ಅಲ್ಲಿಲ್ಲದ ಗ್ಯಾಸನ್ನು ಹಚ್ಚುವಂತೆ ಮೆಲ್ಲಗೆ ತಿರುವಿತು.