ರಕ್ತ ಹೇಳಿದ್ದನ್ನು ಭಾವ ನುಂಗಿದರು

ಪರೀಕ್ಷೆಗೆ ರಕ್ತ ಕೊಟ್ಟು, ತೋಳಿಗೆ ಹತ್ತಿ ಒತ್ತಿಕೊಂಡು ನನ್ನ ಗಂಡ ರಿಜ್ಕ್ ಹೊರಗೆ ಹೋದ ಮೇಲೆ ಲ್ಯಾಬಿನ ಹುಡುಗಿ ಕೇಳಿದಳು: "ಚಳಿಗಾಲದಲ್ಲಿ ಏರಿತ್ತಲ್ಲ ಅಮ್ಮ, ಸ್ಕ್ಯಾನಲ್ಲಿ ಏನು ಬಂತು?"

"ಏರಿತ್ತಾ? ಏನು?"

"ಲಿವರ್ ಕ್ಯಾನ್ಸರ್ ಇದ್ರೆ ರಕ್ತದಲ್ಲಿ ಹೆಚ್ಚೋ ಅಂಶ. ತಕ್ಷಣ ಸ್ಕ್ಯಾನ್ ಮಾಡಿಸಿ ಅಂತ ಡಾಕ್ಟರು ನಿಮ್ಮ ಯಜಮಾನರ ಅಣ್ಣನಿಗೆ ಫೋನ್ ಮಾಡಿದ್ರಲ್ಲ!"

ನಮ್ಮಲ್ಲಿ ಹಾಗೆಯೇ. ಕೆಟ್ಟ ಸುದ್ದಿಯನ್ನು ರೋಗಿಗೆ ಹೇಳುವುದಿಲ್ಲ, ಮನೆಯ ಹಿರಿಯನ ಕಿವಿಗೆ ಹಾಕುತ್ತಾರೆ. ಕಾಲುವೆ ನೀರಿನ ಹುಳದಿಂದ ಬರುವ ರೋಗಕ್ಕೆಂದು ಶಾಲೆಯ ಹುಡುಗರಿಗೆಲ್ಲ ಒಂದೇ ಸೂಜಿ ಚುಚ್ಚಿದ ಕಾಲದಲ್ಲಿ ಇವರಿಗೆ ಹೆಪಟೈಟಿಸ್ ಅಂಟಿತ್ತು. ಮಾತ್ರೆಗೆ ವೈರಸ್ ಸತ್ತಿತು. ಲಿವರ್ ಆಗಲೇ ಕಲ್ಲಾಗಿತ್ತು. ಅದಕ್ಕೇ ಆರಾರು ತಿಂಗಳಿಗೆ ಈ ಪರೀಕ್ಷೆ.

ಊರಿಗೆ ಬಂದು ಅವರು ಎಮ್ಮೆಗೆ ನೀರು ಕುಡಿಸಲು ಹೋದರು. ನಾನು ಪಕ್ಕದ ಮನೆಗೆ ನಡೆದೆ. ಗಂಡನ ಅಣ್ಣ ಬದವಿ ಭಾವ ಜಗಲಿಯಲ್ಲಿ ಕಲ್ಲಂಗಡಿ ಹೆಚ್ಚುತ್ತಿದ್ದರು.

"ಬಾಮ್ಮ ಹಿಲ್ಮಿ ತಾಯಿ, ಒಂದು ಹೋಳು ತಿನ್ನು," ಎಂದು ಎಂದಿನಂತೆ ನನ್ನ ಮಗನ ಹೆಸರು ಹಿಡಿದು ಕರೆದರು.

"ಡಾಕ್ಟರು ಫೋನಲ್ಲಿ ಏನಂದ್ರು ಭಾವ?"

ಚಾಕು ನಿಂತಿತು. "ಮೆತ್ತಗೆ ಮಾತಾಡು. ಗೊತ್ತಾದ್ರೆ ಅವನ ಎದೆ ಒಡೆದುಹೋಗುತ್ತೆ. ನಾನು ಅವನನ್ನ ಕಾಪಾಡಿದೀನಿ."

"ಕಾಪಾಡಿದ್ರಾ? ನೀವು ಬಾಯಿ ಮುಚ್ಕೊಂಡ್ರೆ ರೋಗವೂ ಬೆಳೆಯೋದು ನಿಲ್ಲಿಸುತ್ತಾ?"

"ದೇವರು ಬರೆದಿದ್ದು..."

ನನ್ನ ತಂದೆ ಕುರಾನ್ ಪಠಿಸುವವರು. ಆ ದನಿ ಕೇಳುತ್ತ ಬೆಳೆದ ನಾನು ಹಿರಿಯರೆದುರು ಎಂದೂ ದನಿ ಎತ್ತಿದವಳಲ್ಲ. ಅವತ್ತು ಎತ್ತಿದೆ.

"ದೇವರ ಹೆಸರು ಎತ್ತಬೇಡಿ! ಚಳಿಗಾಲದಲ್ಲಿ ಎಲ್ಲ ಸರಿಯಾಗಿದೆ ಅಂತ ನೀವಂದಾಗ ನಾನು ನೆಲಕ್ಕೆ ಹಣೆ ಹಚ್ಚಿ ಅತ್ತಿದ್ದೆ. ನಿಮ್ಮ ಸುಳ್ಳಿಗೆ ನನ್ನ ಕೈಲಿ ದೇವರಿಗೆ ಕೃತಜ್ಞತೆ ಹೇಳಿಸಿದ್ರಲ್ಲ!"

"ಯಾವ ಸುಳ್ಳು?" ರಿಜ್ಕ್ ಒದ್ದೆ ಕೈಯಲ್ಲೇ ಬಂದು ನಿಂತಿದ್ದರು.

"ಏನಿಲ್ಲ ತಮ್ಮಾ, ಹೆಂಗಸರ ಗಲಾಟೆ," ಎಂದರು ಭಾವ.

ನಾನು ಹೇಳಿದೆ. ಊರಲ್ಲಿ ಯಾರೂ ಬಾಯಿಗೆ ತಾರದ ಆ ರೋಗದ ಹೆಸರನ್ನೂ ಹೇಳಿದೆ.

ಅವರು ಅಣ್ಣನನ್ನೇ ನೋಡಿದರು. "ಅಪ್ಪನ ಹೊಲದಲ್ಲಿ ಒಳ್ಳೇ ಪಾಲು ನೀನು ಇಟ್ಕೊಂಡೆ, ನಾನು ಸುಮ್ಮನಿದ್ದೆ. ನನ್ನ ರೋಗವನ್ನೂ ನೀನೇ ಇಟ್ಕೊಂಡ್ಯೇನೋ?"

ಮರುದಿನ ನಾವಿಬ್ಬರೂ ಆಸ್ಪತ್ರೆಗೆ ಹೊರಟಾಗ ಭಾವ ತಾವಾಗಿಯೇ ಹಿಂದೆ ಬಂದರು. ರಿಜ್ಕ್ ಅಣ್ಣನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದರು. ಸ್ಕ್ಯಾನ್ ನೋಡಿದ ಡಾಕ್ಟರು ಬಾಗಿಲತ್ತ ಕಣ್ಣು ಹಾಯಿಸಿದರು. "ಮನೆ ಹಿರಿಯರು ಯಾರಾದ್ರೂ..."

"ಲಿವರ್ ನಂದು. ನನಗೇ ಹೇಳಿ."

"ಗಂಟಿದೆ. ಚಳಿಗಾಲದಲ್ಲೇ ಬಂದಿದ್ರೆ ಸೂಜಿ ತೂರಿಸಿ ಅಲ್ಲೇ ಸುಟ್ಟುಬಿಡ್ತಿದ್ವಿ. ಈಗ ದೊಡ್ಡದಾಗಿದೆ. ರಕ್ತನಾಳದೊಳಗೆ ಔಷಧಿ ಬಿಟ್ಟು ನೋಡೋಣ. ಖಾತ್ರಿ ಕೊಡಲಾರೆ."

"ನಾಳೆಯೇ ಶುರು ಮಾಡಿ," ಎಂದರು ರಿಜ್ಕ್. ಆಮೇಲೆ ನನ್ನ ಕಡೆ ತಿರುಗಿದರು. "ಅಣ್ಣನನ್ನ ಕರಿ. ಅವನಿಗೆ ನಾನೇ ಹೇಳ್ತೀನಿ."

ಬಾಗಿಲು ತೆರೆದೆ. ಭಾವ ಎದ್ದರು. "ಏನಂತಮ್ಮಾ?"

"ಒಳಗೆ ಬನ್ನಿ, ಅವರೇ ಹೇಳ್ತಾರೆ," ಎಂದೆ. ಎಂದಿನಂತೆ ಹಿರಿಯರಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯಲಿಲ್ಲ. ಅವರಿಗಿಂತ ಮೊದಲು ಒಳಗೆ ಹೋಗಿ ಗಂಡನ ಪಕ್ಕ ಕುಳಿತೆ.