ದನ ಕುಡಿಯದ ನೀರು

ನಾನು ಚಿಕ್ಕವಳಿದ್ದಾಗ ಮಲೇರಿಯಾದವರು ಬಂದು ಮಣ್ಣಿನ ಗೋಡೆಗೆ ಡಿಡಿಟಿ ಹೊಡೆದು ಹೋದರೆ, ಒದ್ದೆ ಸುಣ್ಣಕ್ಕೆ ಸೀಮೆಎಣ್ಣೆ ಬೆರೆತಂಥ ವಾಸನೆ ಮನೆಯಲ್ಲಿ ಉಳಿಯುತ್ತಿತ್ತು. ಇನ್ನು ನಿಶ್ಚಿಂತೆಯಾಗಿ ಮಲಗಬಹುದು ಎನ್ನುತ್ತಿದ್ದಳು ಅವ್ವ. ಮರೋಳದ ಹತ್ತಿರ ಶಹರಬಾನುವಿನ ಹೊಂಡದ ದಂಡೆಯಲ್ಲಿ ಅಂಥದೇ ವಾಸನೆ ಮೂಗಿಗೆ ಬಡಿದಾಗ ನನಗೆ ನಿಶ್ಚಿಂತೆಯಾಗಲಿಲ್ಲ.

ಶಹರಬಾನು ಗೆಂಡೆ ಮೀನು ಸಾಕಿ ಮರಿ ಮಾರುವವಳು. ಇಳಕಲ್ಲಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತಳಾದ ನನ್ನನ್ನು ಅವಳೇ ಕರೆಸಿದ್ದಳು. ಹೋದ ವರ್ಷ ಹುಟ್ಟಿದ ಮರಿಗಳ ಬೆನ್ನು ಡೊಂಕು. ಈ ವರ್ಷ ತಾಯಿಮೀನುಗಳು ಮೊಟ್ಟೆಯನ್ನೇ ಕಟ್ಟಿಲ್ಲ. ಮೊಟ್ಟೆ ಅಂಟಲೆಂದು ಹಾಸಿದ ಜೊಂಡು ಸುಮ್ಮನೆ ಕೊಳೆಯುತ್ತಿತ್ತು. ಈ ಮಳೆಗಾಲವೂ ಮರಿಯಾಗದಿದ್ದರೆ ಹೊಂಡ ಬಿಡಬೇಕು ಎಂದಿದ್ದಳು. ಅವಳ ಕೈಗುಣವೇ ಕೆಟ್ಟಿದೆ ಎಂದು ಊರು ಆಡಿಕೊಳ್ಳುತ್ತಿತ್ತು.

ನಾನು ಕಳಿಸಿದ ನೀರಿನ ಪರೀಕ್ಷೆಯ ಫಲ ಹೇಳಲು ಹೋದ ದಿನವೇ ಪಕ್ಕದ ಹೊಲದ ನಾಗಲಿಂಗ ಹತ್ತಿಗೆ ಔಷಧ ಹೊಡೆದು ಬಂದು, ಪಂಪನ್ನು ಹೊಂಡದಲ್ಲಿ ಅದ್ದಿ ತೊಳೆಯತೊಡಗಿದ. ನಿನ್ನ ಹೊಲದಲ್ಲೇ ನೀರಿನ ತೊಟ್ಟಿ ಇದೆಯಲ್ಲ ಎಂದೆ.

"ಅಲ್ಲಿ ದನ ಕುಡೀತಾವ್ರಿ ಅಕ್ಕಾರ. ಪಾಪ ಹತ್ತೈತಿ. ಇಲ್ಲಿ ಬರೇ ಮೀನ ಅದಾವು."

ಕೊರಳಲ್ಲಿ ಲಿಂಗ, ಇರುವೆ ಗೂಡು ಕಂಡರೆ ಸುತ್ತಿ ಹೋಗುವ ಮನುಷ್ಯ.

"ಮೀನಿಗೆ ಜೀವ ಇಲ್ಲೇನಪ್ಪಾ?"

"ಸತ್ತಾವೇನ್ರಿ ಒಂದರೆ?"

ನನ್ನ ಎರಡೂ ಕೈ ಚಾಚಿ ತೋರಿಸಿದೆ. ಆ ಔಷಧದ ಅಣುವಿಗೆ ಎರಡು ರೂಪ, ಎಡಗೈ ಬಲಗೈ ಇದ್ದಂತೆ. ನೋಡಲು ಒಂದೇ, ಒಂದರ ಮೇಲೊಂದು ಇಟ್ಟರೆ ಹೊಂದುವುದಿಲ್ಲ. ಒಂದು ಹುಳ ಕೊಲ್ಲುತ್ತದೆ. ಇನ್ನೊಂದು ಹುಳಕ್ಕೆ ಏನೂ ಮಾಡದೆ ನೀರಿನಲ್ಲಿ ಉಳಿದು, ಮೀನಿನ ಹಾರ್ಮೋನು ಕೆಡಿಸಬಲ್ಲದು. ಡಬ್ಬಿಯಲ್ಲಿ ಎರಡೂ ಬೆರೆತೇ ಬರುತ್ತವೆ.

ಪರೀಕ್ಷೆಯಲ್ಲಿ ಏನು ಬಂತು ಎಂದು ಅವನು ಕೇಳಿದ. ಲ್ಯಾಬಿನವರು ಎರಡನ್ನೂ ಬೇರೆ ಮಾಡದೆ ಒಟ್ಟಿಗೆ ಅಳೆದಿದ್ದರು, ಮಿತಿಯೊಳಗಿದೆ ಎಂದಿದ್ದರು. ಸುಳ್ಳು ಹೇಳಲಾಗದೆ ಇದ್ದದ್ದನ್ನೇ ಹೇಳಿದೆ.

"ಹಂಗಾದ್ರ ನಂದೇನ ತಪ್ಪೈತ್ರಿ?" ಎಂದು ಪಂಪು ಬೋರಲು ಹಾಕಿದ.

ಶಹರಬಾನು ಅಷ್ಟು ಹೊತ್ತೂ ಬಲೆ ಸುತ್ತುತ್ತಿದ್ದಳು. "ಹೊಂಡ ಬಿಡ್ತೇನ್ರಿ ಅಕ್ಕಾರ," ಎಂದಳು, ಅಷ್ಟೇ.

ಮಧ್ಯಾಹ್ನ ಇಳಿದಿತ್ತು. ನಾಗಲಿಂಗನಿಗೆ ಮನೆಯಿಂದ ಬುತ್ತಿ ಬಂದಿರಲಿಲ್ಲ. ಬೇವಿನ ನೆರಳಲ್ಲಿ ದಾರಿ ನೋಡುತ್ತ ಕೂತಿದ್ದ. ಶಹರಬಾನು ಕೊಡ ಎತ್ತಿಕೊಂಡು ಹೋಗಿ ಅವನ ಕೈಗೆ ನೀರು ಹಾಕಿದಳು. "ಸಬಕಾರ ಹಚ್ಚಿ ತೊಳಕೋ ಮೊದಲ." ಆಮೇಲೆ, ಮೀನು ಮಾಂಸ ತಿನ್ನದ ನನಗೆಂದು ಬೇರೆ ಪಾತ್ರೆಯಲ್ಲಿ ಮಾಡಿ, ಬೇರೆ ಬಟ್ಟೆಯಲ್ಲಿ ಕಟ್ಟಿ ತಂದಿದ್ದ ರೊಟ್ಟಿ, ಪುಂಡಿಪಲ್ಯದ ಗಂಟನ್ನು ಎತ್ತಿಕೊಂಡು ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವನ ಕೈಗೆ ಕೊಟ್ಟಳು.